ಹಗ್ಗದ ಇನ್ನೊಂದು ತುದಿ

ಒಕ್ಕೂಟದ ಅಧ್ಯಕ್ಷೆ ಹಳೇ ಹಗ್ಗದ ಒಂದು ತುದಿಯನ್ನು ಅಂಗೈಯಲ್ಲಿ ಇಟ್ಟಾಗ, ಹಾಯಿದೋಣಿ ಪಂದ್ಯ ಗೆದ್ದವನಿಗೆ ಕೆಂಡ ಹಿಡಿದಂತಾಯಿತು.

“ಒಂದು ಕಾಲಕ್ಕೆ ಈ ಕೊಲ್ಲಿಯ ಹಾಯಿದೋಣಿ ಕ್ಲಬ್ಬುಗಳೆಲ್ಲ ಎಣ್ಣೆ ಸೀಗೆಕಾಯಿ ಆಗಿದ್ವು,” ಆಕೆ ಮೈಕಿನಲ್ಲಿ ಹೇಳುತ್ತಿದ್ದರು. “ಒಂದಿನ ಪಂದ್ಯದಲ್ಲಿ ಮುಂದಿದ್ದವನೊಬ್ಬ, ಮಗುಚಿಕೊಂಡ ಎದುರಾಳಿಯ ಕಡೆ ದೋಣಿ ತಿರುಗಿಸಿ ಇದೇ ಹಗ್ಗ ಎಸೆದ. ಹಗ್ಗ ಎಸೆದವನು ಸೋತ, ಆದ್ರೆ ನಮ್ಮ ಒಕ್ಕೂಟ ಹುಟ್ಟಿತು. ಅದಕ್ಕೇ ಈ ಹಗ್ಗದ ಒಂದು ತುದಿ ಮೊದಲು ಬಂದವರಿಗೆ, ಇನ್ನೊಂದು ಕೊನೆಗೆ ಬಂದವರಿಗೆ.”

ಇಂದು ಕೊನೆಗೆ ಬಂದವರು ಗೆದ್ದವನ ಅಕ್ಕನ ಗಂಡ, ಪಕ್ಕದ ಕ್ಲಬ್ಬಿನವರು. ಬಟ್ಟೆಯಿಂದ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು. ಕೊನೇ ತಿರುವಿನಲ್ಲಿ ದೋಣಿ ಮಗುಚಿದಾಗ ಅವರು ಇವನತ್ತ ಕೈಯೆತ್ತಿ ಬೀಸಿದ್ದರು. ಇವನು ಹಾಯಿಯ ಕಡೆ ಮುಖ ತಿರುಗಿಸಿ, ಕಂಡೂ ಕಾಣದವನಂತೆ ಸಾಗಿದ್ದ. ಅವರೇ ಹೇಗೋ ಒದ್ದಾಡಿ ದೋಣಿ ಎತ್ತಿಕೊಂಡು ದಡ ಸೇರಿದ್ದರು.

ಭಾವ ಇನ್ನೊಂದು ತುದಿ ಹಿಡಿದು, ಹತ್ತಿರ ಬಂದು ಪಿಸುಗುಟ್ಟಿದರು. “ಗೆದ್ದೂ ಯಾಕೋ ಮುಖ ಸಪ್ಪಗೆ ಮಾಡ್ಕೊಂಡಿದ್ದೀಯ? ‘ನೀರು ಕಣ್ಣಿಗೆ ಹೊಡೀತಿತ್ತು, ಪಾಪ, ಅವನಿಗೆ ನಾನು ಕಾಣಿಸಿರಲ್ಲ’ ಅಂತ ನಿಮ್ಮಕ್ಕನಿಗೂ ಹೇಳಿದ್ದೀನಿ.”

ಸಭೆ ಚಪ್ಪಾಳೆ ತಟ್ಟುತ್ತಲೇ ಇತ್ತು. ಅವನು ಅಧ್ಯಕ್ಷೆಯ ಕೈಯಿಂದ ಮೈಕು ಇಸಿದುಕೊಂಡ.

“ದೋಣಿ ಮಗುಚಿದಾಗ ನೀವು ಕಾಣಿಸಿದ್ರಿ, ಭಾವ.”

ಚಪ್ಪಾಳೆ ನಿಂತುಹೋಯಿತು. ಭಾವ ಮಾತ್ರ ತಮ್ಮ ತುದಿ ಬಿಡಲಿಲ್ಲ.