ಗುಮ್ಮಟದ ಓಣಿಯ ಮೂರು ಅರ್ಜಿ

ದಾವಲಸಾಬನ ಕಲಾಯಿ ಕುಲುಮೆಯನ್ನು ಓಣಿಯಿಂದ ಎತ್ತಿಸಬೇಕೆಂದು ಗುರುಲಿಂಗಪ್ಪ ಮಾಸ್ತರರು ಅರ್ಜಿ ಬರೆದರು. ಹುಕ್ಕೇರಿಯ ಹಳೆಯ ಗುಮ್ಮಟದ ಹಿಂದಿನ ಆ ಓಣಿಯಲ್ಲಿ ಹನ್ನೊಂದು ಮನೆ, ಎಂಟು ಜಾತಿ. ದಾವಲಸಾಬ ಪಾತ್ರೆಗೆ ಕಲಾಯಿ ಹಾಕುವುದು ಮಾಸ್ತರರ ಕಿಟಕಿಯ ಕೆಳಗೇ. ಕಾದ ಪಾತ್ರೆಗೆ ಉಜ್ಜುವ ನವಸಾಗರದ ಹೊಗೆ ಎದ್ದಾಗಲೆಲ್ಲ ಮಾಸ್ತರರ ವಚನ ಪಾರಾಯಣ ಕೆಮ್ಮಿನಲ್ಲಿ ಮುಗಿಯುತ್ತಿತ್ತು. ಸಹಿಗೆಂದು ಅವರು ಮೊದಲು ಎದುರುಮನೆಯ ಕಾಶೆವ್ವನ ಹತ್ತಿರ ಹೋದರು. ಅವಳು ಖಾರದ ಪುಡಿ ಕುಟ್ಟಿ ಸಂತೆಯಲ್ಲಿ ಮಾರುವವಳು.

"ಹೆಬ್ಬಟ್ಟ ಒತ್ತತೇನ್ರಿ. ಆದ್ರ ನಿಮ್ಮ ಗಂಟಿ ಬಗ್ಗೆನೂ ಬರೀರಿ. ಕೋಳಿಗಿಂತ ಮೊದಲ ಬಾರಸ್ತೀರಿ."

"ಅದು ದೇವರ ಗಂಟಿ, ಕಾಶೆವ್ವ!"

"ದೇವರಿಗೆ ಕಿವಿ ಮಂದ ಅದಾವೇನ್ರಿ?"

ಅಷ್ಟರಲ್ಲಿ ದಾವಲಸಾಬ ಮಸಿಗೈ ಒರೆಸಿಕೊಳ್ಳುತ್ತ ಬಂದ. "ನನ್ನ ಮ್ಯಾಲಿನ ಅರ್ಜಿ ಹೌದಲ್ರಿ, ಮಾಸ್ತರ? ನಾನೂ ಈ ಓಣ್ಯಾಂವ, ಸಹಿ ಮಾಡ್ತೇನಿ. ಅಕ್ಕನ ಖಾರಕ್ಕ ನನ್ನ ಗಿರಾಕಿ ಸೀನಕೋತ ಓಡಿ ಹೊಕ್ಕಾರ. ಅದನ್ನೂ ಹಾಕ್ರಿ." ಮೂವತ್ತು ವರ್ಷ ಶಾಲೆಯಲ್ಲಿ ಉಕ್ತಲೇಖನ ಬರೆಸಿದ ಮಾಸ್ತರರಿಗೆ, ಕಿವಿಗೆ ಬಿದ್ದದ್ದನ್ನು ಬರೆಯದೆ ಬಿಡುವುದು ಸಾಧ್ಯವಾಗಲಿಲ್ಲ. ಸಂಜೆಯೊಳಗೆ ಅರ್ಜಿಯಲ್ಲಿ ಸಿಂಪಿಗರ ಆಡು, ಮರಾಠರ ಭಜನೆ, ಜೈನರ ಮನೆಯ ಜಗಳ ಎಲ್ಲವೂ ಸೇರಿ ಇಪ್ಪತ್ತಮೂರು ದೂರುಗಳಾದವು. ಎಲ್ಲರೂ ಸಂತೋಷದಿಂದ ಸಹಿ ಹಾಕಿದರು.

ಅರ್ಜಿ ತಾಲೂಕು ಕಚೇರಿಗೆ ಹೋಯಿತು. ಅಲ್ಲಿಗೆ ಹೊಸದಾಗಿ ಬಂದಿದ್ದ ಮಾಮಲೇದಾರರು ಚುರುಕಿನ ಮನುಷ್ಯ. ಎಂಟೇ ದಿನದಲ್ಲಿ ಹುಕುಮು ಬಂತು: ಇಂಥ ನರಕದಲ್ಲಿ ಪ್ರಜೆಗಳು ವಾಸಿಸುವುದು ಸರಕಾರಕ್ಕೆ ಶೋಭೆಯಲ್ಲ, ಓಣಿಯನ್ನು ಕೆಡವಿ, ಊರ ಹೊರಗಿನ ಬಯಲಿನಲ್ಲಿ ಒಬ್ಬರ ಸದ್ದು ಒಬ್ಬರಿಗೆ ಕೇಳದಷ್ಟು ದೂರದಲ್ಲಿ ಎಲ್ಲರಿಗೂ ಜಾಗ ಕೊಡಲಾಗುವುದು.

ಅಂದು ಓಣಿಯಲ್ಲಿ ಯಾರ ಮನೆಯಲ್ಲೂ ರೊಟ್ಟಿ ಬಡಿಯುವ ಸದ್ದಿಲ್ಲ. ಕಟ್ಟೆಯ ಮೇಲೆ ಕೂತ ಕಾಶೆವ್ವ ಸೆರಗಿನಿಂದ ಮೂಗು ಒರೆಸಿಕೊಂಡಳು. "ಹ್ವಾದ ವರ್ಷ ಜ್ವರಾ ಬಂದು ಬಿದ್ದಾಗ, ಒನಕಿ ಸಪ್ಪಳ ಇಲ್ಲಂತ ದಾವಲಸಾಬ ಬಂದು ಕದಾ ಮುರದ. ಬಯಲಾಗ ನಾ ಸತ್ರ ಯಾರಿಗ್ರಿ ಗೊತ್ತಾಗೂದು?" ಮಾಸ್ತರರು ಕೆಮ್ಮಿದರು. ಆಗ ಹೊಗೆ ಇರಲಿಲ್ಲ.

ಎರಡನೆಯ ಅರ್ಜಿಯನ್ನು ಅವರು ಕೂತಲ್ಲಿಯೇ ಬರೆದರು. ನವಸಾಗರದ ಹೊಗೆಯಿಂದ ಓಣಿಗೆ ಪ್ಲೇಗು ಸುಳಿದಿಲ್ಲ. ಖಾರದ ಘಾಟಿಗೆ ಯಾರಿಗೂ ನೆಗಡಿಯಿಲ್ಲ. ಗಂಟೆ ಇರುವುದರಿಂದ ಗಡಿಯಾರದ ಖರ್ಚಿಲ್ಲ. ಎಂಟು ಜಾತಿಯವರು ಒಂದೇ ತಾಯಿಯ ಮಕ್ಕಳಂತೆ ಬಾಳುತ್ತಿದ್ದೇವೆ. ಮಾಮಲೇದಾರರು ಎರಡೂ ಅರ್ಜಿ ಮುಂದಿಟ್ಟುಕೊಂಡು, ಕಚೇರಿಗೆ ಬಂದ ಓಣಿಯವರನ್ನು ಕೇಳಿದರು, "ಇದರಾಗ ಖರೆ ಯಾವುದು?"

"ಎರಡೂ ಖರೇನರಿ, ಸಾಹೇಬ್ರ," ಎಂದ ದಾವಲಸಾಬ. "ಒಂದ ತಾಯಿ ಮಕ್ಕಳಂದ್ರ ಜಗಳಾ ಇರತಾವಲ್ರಿ."

ಸಾಹೇಬರ ಮನಸ್ಸು ಕರಗಿತು. ಹುಕುಮು ರದ್ದಾಯಿತು. ಅಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. "ಇಂಥಾ ಸ್ವರ್ಗ ಇರೂವಾಗ ನಾ ಒಬ್ಬನ ಬಂಗ್ಲೆದಾಗ ಯಾಕಿರಲಿ?" ಎಂದು ಅವರು ಅದೇ ಓಣಿಯ ಖಾಲಿ ಮಾಳಿಗೆಯನ್ನು ಬಾಡಿಗೆಗೆ ಹಿಡಿದರು. ದಿನವೂ ಮುಂಜಾನೆ ಬೆತ್ತ ಹಿಡಿದು ಮನೆಮನೆಗೆ ಬಂದರು. ಕುಲುಮೆಗೆ ವೇಳೆ ಗೊತ್ತುಮಾಡಿದರು. ಖಾರ ಕುಟ್ಟಲು ಪರವಾನಗಿ ಬೇಕೆಂದರು. ದೇವರು ಏಳೂವರೆಯ ನಂತರವೇ ಏಳತಕ್ಕದ್ದೆಂದು ಮಾಸ್ತರರಿಗೆ ತಿಳಿಸಿದರು.

ಒಂದು ತಿಂಗಳಿಗೆ ಬೆಳಗಾವಿಯ ಕಲೆಕ್ಟರರಿಗೆ ಮೂರನೆಯ ಅರ್ಜಿ ತಯಾರಾಯಿತು. ಈ ಸಲ ಒಬ್ಬರೂ ತಕರಾರು ತೆಗೆಯಲಿಲ್ಲ. ಇಷ್ಟು ಯೋಗ್ಯ ಅಧಿಕಾರಿಯನ್ನು ನಮ್ಮಂಥ ಸಣ್ಣ ಊರಿನಲ್ಲಿಡುವುದು ಅನ್ಯಾಯ. ದಯಮಾಡಿ ಬಡ್ತಿ ಕೊಟ್ಟು ಪುಣೆಗೆ ಕಳಿಸಬೇಕು.

ಕಾಶೆವ್ವ ಹೆಬ್ಬೆರಳಿಗೆ ಮಸಿ ಹಚ್ಚಿಕೊಂಡು ಒಂದು ಕ್ಷಣ ತಡೆದಳು.

"ಮಾಸ್ತರ, ಪುಣೆ ಸಮೀಪ ಆತು. ಅದರಾಚಿ ಊರ ಇಲ್ಲೇನ್ರಿ?"