ಬದಲಾದ ಕಣ್ಣು

ಇಲ್ಲದ್ದನ್ನು ತೋರಿಸುವ ಮಾತ್ರೆ ನುಂಗುವವರು ಕಣ್ಣು ತೆಗೆದು ಬಾಗಿಲಲ್ಲಿ ಬಟ್ಟಲಿಗೆ ಹಾಕಿಟ್ಟೇ ಅಡ್ಡೆಯ ಅಂಗಳದೊಳಗೆ ಹೋಗಬೇಕು. ಕಣ್ಣಿದ್ದರೆ ಅಮಲಿನಲ್ಲಿ ಸೂರ್ಯನನ್ನೇ ದಿಟ್ಟಿಸುತ್ತಾ ಕೂತು ಸುಟ್ಟುಕೊಳ್ಳುತ್ತಾರೆ.

ಗುರುಪಾದ ಹೊರಬಂದಾಗ ಬಟ್ಟಲಲ್ಲಿದ್ದ ಕಣ್ಣು ಅವನದಲ್ಲ. ಹಾಕಿಕೊಂಡರೆ, ನೋಡಿದ ಕಡೆಯೆಲ್ಲ ನಟ್ಟನಡುವೆ ಒಂದು ಕಪ್ಪು ಮಚ್ಚೆ.

"ಅಕ್ಕಾ, ಯಾರೋ ಸುಟ್ಟ ಕಣ್ಣು ಬಿಟ್ಟು ನನ್ನದು ಹಾಕ್ಕೊಂಡು ಹೋಗಿದ್ದಾರೆ."

"ದೇವಸ್ಥಾನದಲ್ಲಿ ಚಪ್ಪಲಿ ಹೋಗಲ್ವಾ, ಹಾಗೇ," ಎಂದಳು ಕಣ್ಣು ಕಾಯುವ ಸಾಕವ್ವ. "ಏನೂ ಇಲ್ಲದ್ದಕ್ಕಿಂತ ವಾಸಿ. ಸದ್ಯಕ್ಕೆ ಅದನ್ನೇ ಹಾಕ್ಕೊಂಡು ಹೋಗಪ್ಪ."

ದಾರಿಯಲ್ಲಿ ಅಂಥ ತೊಂದರೆಯೇನೂ ಆಗಲಿಲ್ಲ. ಮನೆ ಬಾಗಿಲಲ್ಲಿ ಮಗಳು ಕಾಯುತ್ತಿದ್ದಳು. ಜಡೆ ಕಂಡಿತು, ಲಂಗ ಕಂಡಿತು.

"ಅಪ್ಪಾ, ಮುಂದಿನ ಹಲ್ಲು ಬಿತ್ತು. ನಗ್ತೀನಿ, ಹೇಗೆ ಕಾಣುತ್ತೆ ಹೇಳು."

"ತುಂಬಾ ಚೆನ್ನಾಗಿ ಕಾಣುತ್ತೆ ಕಂದ," ಎಂದ ಗುರುಪಾದ, ಕಪ್ಪು ಮಚ್ಚೆಯನ್ನೇ ನೋಡುತ್ತಾ.