ನಾನೂರ ಹದಿನೇಳನೇ ಚೀಟಿ

"ನಾನೂರ ಹದಿನೇಳು ಎಲ್ಲಿ?"

ಸಾಹೇಬರು ಮೂರನೇ ಸಲ ಕೇಳಿದರು. ಅಂಟಣ್ಣ ಮೂರನೇ ಸಲವೂ ತನ್ನ ಚಪ್ಪಲಿಯನ್ನೇ ನೋಡುತ್ತ ನಿಂತ.

ವಾಹನ ತಪಾಸಣಾ ಕೇಂದ್ರದಲ್ಲಿ ಕಾಗದದ ಸ್ಟಿಕರಿಗೆ ಅದೇ ಕೊನೆಯ ದಿನ. ಬ್ರೇಕು, ದೀಪ, ಹೊಗೆ ಎಲ್ಲ ಸರಿಯಿದ್ದರೆ ಗಾಡಿಯ ಮುಂಗಾಜಿಗೆ ಅಂಟಿಸುವ ಅಂಗೈಯಗಲದ ತುಂಡು. ಕಚೇರಿಯವರ ಬಾಯಲ್ಲಿ ಬರೀ 'ಚೀಟಿ'. ನಾಳೆಯಿಂದ ಎಲೆಕ್ಟ್ರಾನಿಕ್ ಸ್ಟಿಕರ್. ಯಂತ್ರ ಹಿಡಿದರೆ ಸಾಕು, ಗಾಡಿಯ ಜಾತಕವೆಲ್ಲ ಪರದೆಯ ಮೇಲೆ. ಉಳಿದ ಚೀಟಿಗಳನ್ನು ಎಣಿಸಿ, ರಿಜಿಸ್ಟರಿನೊಂದಿಗೆ ತಾಳೆ ನೋಡಿ, ಸಂಜೆಯೊಳಗೆ ಮೇಲಿನ ಕಚೇರಿಗೆ ಒಪ್ಪಿಸಬೇಕಿತ್ತು. ಎಲ್ಲ ತಾಳೆಯಾಯಿತು, ಒಂದನ್ನು ಬಿಟ್ಟು. ನಾನೂರ ಹದಿನೇಳರ ಎದುರಿನ ಸಾಲು ಖಾಲಿ. ಚೀಟಿ ಮಂಗಮಾಯ.

ಸಾಹೇಬರ ಕಿವಿ ಬಿಸಿಯಾಯಿತು. ಇಪ್ಪತ್ತೆರಡು ವರ್ಷ ಈ ಕೇಂದ್ರದಲ್ಲಿ ತಪಾಸಣೆಯಿಲ್ಲದೆ ಒಂದು ಗಾಡಿಯೂ ಚೀಟಿ ಪಡೆದಿರಲಿಲ್ಲ. ಸ್ವಂತ ಭಾವಮೈದುನನ ಜೀಪನ್ನೇ ಹೊಗೆ ಜಾಸ್ತಿಯೆಂದು ವಾಪಸು ಕಳಿಸಿ, ಹೆಂಡತಿಯ ತವರಿನಲ್ಲಿ ಒಂದು ವರ್ಷ ಯಾರೂ ಮಾತಾಡಿಸದ ಹಾಗೆ ಮಾಡಿಕೊಂಡವರು ಅವರು. ಆ ಹೆಸರಿಗೇ ಮೇಲಧಿಕಾರಿಗಳು ನಾಳೆಯ ಉದ್ಘಾಟನೆಯನ್ನು ಇಲ್ಲಿ ಇಟ್ಟುಕೊಂಡಿದ್ದರು. ಅವರಿಗೆ ಈಗ ಯಾವ ಮುಖ ತೋರಿಸುವುದು?

ಅಂಟಣ್ಣನದು ಚೀಟಿ ಅಂಟಿಸುವ ಕೆಲಸ. ಹೆಸರೂ ಅದರಿಂದಲೇ ಬಂದದ್ದು. ಗಾಜಿನ ಒಳಮೈಗೆ ಚೀಟಿಯಿಟ್ಟು ಹೆಬ್ಬೆರಳಿನಲ್ಲಿ ಒತ್ತಿದನೆಂದರೆ ಒಂದು ಗುಳ್ಳೆ ಏಳುತ್ತಿರಲಿಲ್ಲ. ಅಕ್ಷರಗಳೆಲ್ಲ ಹೊರಗಿನವರಿಗೆ, ಒಳಗೆ ಕೂತವನಿಗೆ ಬಿಳಿ ಬೆನ್ನು ಮಾತ್ರ. ಅದಕ್ಕೆ ಗೊಣಗುವ ಡ್ರೈವರುಗಳಿಗೆ, "ಓದೋದು ಪೊಲೀಸರಿಗೆ ಬಿಡಿ, ನೀವು ರಸ್ತೆ ನೋಡಿ" ಎಂದು ನಗುತ್ತಿದ್ದ. ಇವತ್ತು ಆ ನಗು ಇರಲಿಲ್ಲ.

ಸಾಹೇಬರು ರಿಜಿಸ್ಟರಿನ ಹಿಂದುಮುಂದಿನ ತಾರೀಖು ನೋಡಿದರು. ಹೆಂಡತಿ ಆಸ್ಪತ್ರೆಯಲ್ಲಿದ್ದ ತಿಂಗಳು. ತಾವು ಅರ್ಧ ದಿನ ಅಲ್ಲಿ, ಅರ್ಧ ದಿನ ಇಲ್ಲಿ ಎಂದು ಒದ್ದಾಡುತ್ತಿದ್ದಾಗ ಚೀಟಿಯ ಕಟ್ಟು ಅಂಟಣ್ಣನ ಕೈಯಲ್ಲಿತ್ತು. ಅದೇ ಪುಟದಲ್ಲಿ ಇನ್ನೊಂದು ಸಾಲೂ ಕಣ್ಣಿಗೆ ಬಿತ್ತು: ಬ್ರೇಕ್ ಪರೀಕ್ಷೆಯಲ್ಲಿ ಫೇಲಾದ ಹಳೇ ವ್ಯಾನು, ಅಂಟಣ್ಣನ ಅಳಿಯನದು.

"ಅಂಟಿಸಿದ್ದು ನೀವೇ ತಾನೆ?"

ಇಪ್ಪತ್ತೆರಡು ವರ್ಷ 'ನೀನು' ಎಂದ ಬಾಯಿ ಇವತ್ತು 'ನೀವು' ಎಂದಿತು. ಆ ಮರ್ಯಾದೆ ಅಂಟಣ್ಣನಿಗೆ ಕಪಾಳಕ್ಕೆ ಬಿದ್ದಂತಾಯಿತು.

"ನಾನೇ ಸಾರ್."

"ಗಾಡಿ ಪರೀಕ್ಷೆ ಆಗಿತ್ತಾ?"

"ಇಲ್ಲ ಸಾರ್. ತಪ್ಪಾಯ್ತು."

"ಯಾರ ಗಾಡಿ?"

"ಅದೊಂದು ಕೇಳಬೇಡಿ. ಅವರಿಗೆ ಕಷ್ಟದ ಕಾಲ. ನಡುರಸ್ತೇಲಿ ಯಾರಾದ್ರೂ ಹಿಡಿದು ಮರ್ಯಾದೆ ತೆಗೀಬಾರದು ಅಂತ..."

"ಅಳಿಯನ ಮರ್ಯಾದೆ ಉಳೀತು. ನನ್ನದು ಹೋಯ್ತು."

ಅಂಟಣ್ಣ ಮೇಜಿನ ಮೇಲಿದ್ದ ಬಿಳಿ ಹಾಳೆಯನ್ನು ತನ್ನತ್ತ ಎಳೆದುಕೊಂಡ. ಕಂಪ್ಯೂಟರ್ ಅಕ್ಕ ಎಂದು ಎಲ್ಲರೂ ಕರೆಯುವ ಗುಮಾಸ್ತೆ ಪರದೆಯ ಹಿಂದೆ ತಲೆ ತಗ್ಗಿಸಿದಳು. ಉಳಿದವರು ಕಿವಿ ನಿಮಿರಿಸಿಕೊಂಡೇ ಫೈಲುಗಳಲ್ಲಿ ಮುಳುಗಿದ ಹಾಗೆ ನಟಿಸಿದರು. ಸಾಹೇಬರು ಹೇಳಿ ಬರೆಸಿದರು, ಅಂಟಣ್ಣ ತಪ್ಪೊಪ್ಪಿಗೆ ಬರೆದುಕೊಟ್ಟ. ನಿವೃತ್ತಿಗೆ ಇನ್ನು ಎಂಟು ತಿಂಗಳು. ಚೀಟಿ ಹೋದರೂ ಅವನು ಹೋಗಬಾರದೆಂದು ಹೊಸ ಕೌಂಟರಿಗೆ ಅವನ ಹೆಸರು ಬರೆದವರು ಸಾಹೇಬರೇ. ಈಗ ಅದಕ್ಕೆ ಅಡ್ಡಗೆರೆ ಎಳೆದವರೂ ಅವರೇ.

ಅಂಟಣ್ಣ ಬಾಗಿಲವರೆಗೆ ಹೋಗಿ ತಿರುಗಿ ಬಂದ. ಗಾಜು ಕೆರೆಯುವ ಬ್ಲೇಡು ಆಗಲೇ ಕೈಯಲ್ಲಿತ್ತು.

"ಹೋಗೋ ಮುಂಚೆ ನಮ್ಮ ಆಫೀಸಿನೋರ ಗಾಡಿಗಳ ಹಳೇ ಚೀಟಿ ತೆಗೆದು ಹೋಗ್ತೀನಿ ಸಾರ್. ನಾಳೆಗೆ ಗಾಜು ಚೊಕ್ಕ ಇರಲಿ."

ಈಗ ಬೆಣ್ಣೆ ಹಚ್ಚಲು ಬಂದ, ಎಂದುಕೊಂಡರು ಸಾಹೇಬರು. "ಬ್ಲೇಡು ಮೇಜಿನ ಮೇಲಿಡಿ. ನಿಮ್ಮ ಕೈ ಇನ್ನು ಯಾವ ಗಾಜಿಗೂ ತಾಗೋದು ಬೇಡ."

ಅಂಟಣ್ಣ ಬ್ಲೇಡನ್ನು ಇಟ್ಟ. ಒಂದು ಕ್ಷಣ ಸಾಹೇಬರ ಮುಖ ನೋಡಿದ. ಆ ನೋಟದಲ್ಲಿ ಸಿಟ್ಟಿರಲಿಲ್ಲ, ಎಂಥದೋ ಭಯವಿತ್ತು. ಸಿಕ್ಕಿಬಿದ್ದವನ ಭಯವೆಂದು ಅವರು ಲೆಕ್ಕ ಹಾಕಿದರು.

ಆ ರಾತ್ರಿ ಮನೆಯಲ್ಲಿ ಹೆಂಡತಿಗೆ ವಿಷಯ ಹೇಳಲು ಸಾಹೇಬರಿಗೆ ನಾಲಿಗೆ ಏಳಲಿಲ್ಲ. ಆಸ್ಪತ್ರೆಗೆ ದಿನಾ ಫ್ಲಾಸ್ಕಿನಲ್ಲಿ ಗಂಜಿ ತಂದುಕೊಟ್ಟವನು ಅಂಟಣ್ಣ. ಅವನನ್ನು ಹತ್ತು ಜನರೆದುರು ಕಳ್ಳನನ್ನಾಗಿ ನಿಲ್ಲಿಸಿದ್ದು ನೆನೆದರೆ ನಾಚಿಕೆಯಾಗುತ್ತಿತ್ತು. ನಾಚಬೇಕಾದವನು ಅವನು, ನಾನಲ್ಲ ಎಂದು ತಮಗೆ ತಾವೇ ಸಮಾಧಾನ ಹೇಳಿಕೊಂಡರು.

ಬೆಳಗ್ಗೆ ಮೇಲಧಿಕಾರಿಗಳು ಬಂದರು. ಮೊಬೈಲುಗಳು ಮೇಲೆದ್ದವು. ಮೊದಲ ಎಲೆಕ್ಟ್ರಾನಿಕ್ ಸ್ಟಿಕರ್ ಸಾಹೇಬರ ಕಾರಿಗೇ ಎಂದು ಮೊದಲೇ ತೀರ್ಮಾನವಾಗಿತ್ತು. ಅವರು ಸ್ಟೀರಿಂಗ್ ಹಿಡಿದು ನೆಟ್ಟಗೆ ಕೂತರು. ಒಂದು ಚೀಟಿಯ ವಿಷಯವನ್ನು ತಾವೇ ಪತ್ತೆಮಾಡಿ ಕ್ರಮ ಕೈಗೊಂಡದ್ದನ್ನು ದೊಡ್ಡ ಅಧಿಕಾರಿಗೆ ಆಗಲೇ ತಿಳಿಸಿ, ಬೆನ್ನು ತಟ್ಟಿಸಿಕೊಂಡಿದ್ದರು. ಹೊಸದನ್ನು ಕೊಡುವ ಮೊದಲು ಹಳೇ ಚೀಟಿಯ ನಂಬರನ್ನು ಯಂತ್ರಕ್ಕೆ ಒತ್ತಬೇಕು. ಕಂಪ್ಯೂಟರ್ ಅಕ್ಕ ಯಂತ್ರ ಹಿಡಿದು ಗಾಜಿನ ಮುಂದೆ ಬಗ್ಗಿದಳು. ಬಗ್ಗಿದವಳು ಏಳಲೇ ಇಲ್ಲ.

"ಸಾರ್, ಒಂದ್ಸಲ ನೀವೇ ಇಳಿದು ನೋಡ್ತೀರಾ?" ಎಂದಳು ಮೆಲ್ಲಗೆ.

"ನಾನ್ಯಾಕೆ ಇಳೀಲಿ? ಓದಮ್ಮ, ಜೋರಾಗಿ. ಎಲ್ಲರಿಗೂ ಕೇಳಲಿ."

ಅವಳು ಇನ್ನೊಮ್ಮೆ ನಂಬರು ನೋಡುತ್ತಿದ್ದಾಗ ಸಾಹೇಬರ ಕಣ್ಣು ಸುಮ್ಮನೆ ಚೀಟಿಯ ಮೇಲೆ ಬಿತ್ತು. ಬಿಳಿ ಬೆನ್ನು. ಒಂದು ಗುಳ್ಳೆಯೂ ಇರಲಿಲ್ಲ. ಪ್ರತಿ ವರ್ಷ ಎಲ್ಲರಂತೆ ಸಾಲಿನಲ್ಲಿ ನಿಲ್ಲಿಸುವ ಈ ಕಾರನ್ನು ಹೋದ ಸಲ ಯಾವತ್ತು ನಿಲ್ಲಿಸಿದ್ದೆ ಎಂದು ನೆನಪಿಸಿಕೊಳ್ಳಲು ನೋಡಿದರು. ಆಸ್ಪತ್ರೆಯ ಕಾರಿಡಾರು ಮಾತ್ರ ನೆನಪಾಯಿತು.

"ನಾನೂರ ಹದಿನೇಳು," ಎಂದಳು ಕಂಪ್ಯೂಟರ್ ಅಕ್ಕ.